ಲಿಂಕ್ಡ್‌ಇನ್, ಅಪ್‌ವರ್ಕ್, ಗೂಗಲ್ ಮ್ಯಾಪ್, ಬಾಯಿಮಾತು: ಸ್ವತಂತ್ರ ಕಾಂಟ್ರಾಕ್ಟರಿಗೆ ಯಾವುದು ಒದಗುತ್ತದೆ?

ಪುಣೆಯ ಹಿಂಜವಡಿಯಲ್ಲಿ ಕಾಂಟ್ರಾಕ್ಟ್ ಮೇಲೆ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುವವರು, ಚಾಕಣದ ಕಾರ್ಖಾನೆಗಳಿಗೆ ಬಿಡಿಭಾಗ ಹಿಡಿದಿಡುವ ಜಿಗ್-ಫಿಕ್ಸ್ಚರ್ ಡಿಸೈನ್ ಮಾಡಿಕೊಡುವವರು, ಮುಂಬೈಯ ಹೋಟೆಲುಗಳಿಗೆ ಅಡುಗೆಮನೆಯ ಎಕ್ಸಾಸ್ಟ್ ಹಾಕುವವರು, ಅಂಧೇರಿಯ ಸ್ಟುಡಿಯೋಗಳಿಗೆ ಕನ್ನಡ ಸಬ್‌ಟೈಟಲ್ ಬರೆಯುವವರು, ಗೋವಾದ ವಿಲ್ಲಾಗಳಿಗೆ ವಾಟರ್‌ಪ್ರೂಫಿಂಗ್ ಮಾಡುವವರು. ಇವರೆಲ್ಲ ಒಂದಲ್ಲ ಒಂದು ದಿನ ಕೇಳುವ ಪ್ರಶ್ನೆ: ಲಿಂಕ್ಡ್‌ಇನ್‌ನಂಥ ತಾಣದಲ್ಲಿ ಕೂತರೆ ಕೆಲಸ ಬರುತ್ತದೆಯೋ, ಹೊತ್ತು ಹಾಳೋ?

ಐವರಿಗೂ ಉತ್ತರ ಬೇರೆ ಬೇರೆ. ನಿಮ್ಮ ಬಿಲ್ಲಿಗೆ ಸಹಿ ಹಾಕುವವರು ಯಾರು ಎಂದು ನೋಡಿಕೊಂಡರೆ ಅರ್ಧ ಉತ್ತರ ಸಿಕ್ಕಂತೆ. ಕಂಪನಿಯ ಪರ್ಚೇಸ್ ವಿಭಾಗದವರೋ ಪ್ರಾಜೆಕ್ಟ್ ಮ್ಯಾನೇಜರೋ ಆಗಿದ್ದರೆ ಲಿಂಕ್ಡ್‌ಇನ್‌ಗೆ ವಾರಕ್ಕೆ ಎರಡು ಮೂರು ಗಂಟೆ ಕೊಡಬಹುದು. ಹೊರದೇಶದ ಸಣ್ಣ ಕಂಪನಿಯಾದರೆ ಅಪ್‌ವರ್ಕ್‌ನಂಥ ಕೆಲಸದ ಮಾರುಕಟ್ಟೆ. ಮನೆ ಮಾಲೀಕರು, ಹೌಸಿಂಗ್ ಸೊಸೈಟಿಯ ಕಮಿಟಿ ಆದರೆ ಗೂಗಲ್ ಮ್ಯಾಪ್. ಸಹಿ ಹಾಕುವವರು ನಮ್ಮ ಕರ್ನಾಟಕದ ಕಡೆಯ ಹೋಟೆಲ್ ಮಾಲೀಕರಾದರೆ ಇದ್ಯಾವುದೂ ಬೇಡ, ಅಲ್ಲಿ ನಡೆಯುವುದು ಬಾಯಿಮಾತು. ಇದಿಷ್ಟು ಹೇಳುವುದು ಸುಲಭ, ಕೈ ಸುಡುವುದು ವಿವರಗಳಲ್ಲಿ.

ಲಿಂಕ್ಡ್‌ಇನ್: ಹೆಸರನ್ನು ತಾಳೆ ನೋಡುವ ಜಾಗ

2003ರಲ್ಲಿ ಶುರುವಾಗಿ 2016ರಲ್ಲಿ ಮೈಕ್ರೋಸಾಫ್ಟ್ ಕೊಂಡುಕೊಂಡ ಈ ತಾಣ ಬೆಳೆದದ್ದು ಸಂಬಳದ ನೌಕರಿಯ ಸುತ್ತ. ನೇಮಕಾತಿ ಮಾಡುವ ಕಂಪನಿಗಳೇ ಅದರ ದೊಡ್ಡ ಗಿರಾಕಿಗಳು. ಹಾಗಾಗಿ ಅಲ್ಲಿನ ಏರ್ಪಾಡೆಲ್ಲ ನೌಕರಿ ಹುಡುಕುವವರ ಅಳತೆಗೆ ಹೊಲಿದದ್ದು. ಕಾಂಟ್ರಾಕ್ಟರ್ ಅದನ್ನೇ ತೊಡುವುದಾದರೆ ಅಲ್ಲಲ್ಲಿ ಬಿಚ್ಚಿ ಹೊಲಿದುಕೊಳ್ಳಬೇಕು.

ಕೆಲಸ ಬರುವ ದಾರಿಯನ್ನು ಸರಿಯಾಗಿ ತಿಳಿದುಕೊಳ್ಳದೆ ಅನೇಕರು ನಿರಾಶರಾಗುತ್ತಾರೆ. ಯಾರೋ ಅಪರಿಚಿತರು ತಾಣದಲ್ಲಿ ಹುಡುಕಿ, ನಿಮ್ಮನ್ನು ಕಂಡು, ಆರ್ಡರ್ ಕೊಡುವುದು ಅಪರೂಪ. ಸಾಮಾನ್ಯವಾಗಿ ಆಗುವುದು ಹೀಗೆ: ಕಾರ್ಖಾನೆಯ ಒಬ್ಬ ಸೂಪರ್‌ವೈಸರ್ ಮೀಟಿಂಗಿನಲ್ಲಿ ನಿಮ್ಮ ಹೆಸರು ಹೇಳುತ್ತಾರೆ, ಮ್ಯಾನೇಜರು ಫೋನ್ ತೆಗೆದು ಆ ಹೆಸರು ಟೈಪ್ ಮಾಡುತ್ತಾರೆ. ಫೋಟೋ, ಹೆಸರಿನ ಕೆಳಗಿನ ಒಂದು ಸಾಲು, ಇಬ್ಬರಿಗೂ ಪರಿಚಯವಿರುವವರು ಯಾರು ಎಂಬುದು, ಇಷ್ಟನ್ನು ಅರ್ಧ ನಿಮಿಷ ನೋಡುತ್ತಾರೆ. ಆಮೇಲೆ ಫೋನ್ ಬರುತ್ತದೆ, ಅಥವಾ ಬರುವುದಿಲ್ಲ. ಹೆಸರು ಹುಟ್ಟಿದ್ದು ಬೇರೆಡೆ, ಪರೀಕ್ಷೆಯಾದದ್ದು ಇಲ್ಲಿ. ಹೀಗಾಗಿ ದಿನಾ ಪೋಸ್ಟ್ ಹಾಕುವುದಕ್ಕಿಂತ ಒಂದು ಸಲ ಪ್ರೊಫೈಲ್ ನೆಟ್ಟಗೆ ಮಾಡಿಡುವುದರಿಂದ ಸಿಗುವ ಫಲ ಹೆಚ್ಚು.

ಇನ್ನೊಂದು ಲಾಭ ಹೊರಗೆ ಕಾಣುವುದಿಲ್ಲ, ಆದರೆ ಅದೇ ದೊಡ್ಡದು. ಕಂಪನಿಯವರು ಕೆಲಸ ಬದಲಿಸುತ್ತಲೇ ಇರುತ್ತಾರೆ. ಪಣಜಿಯ ಹೋಟೆಲಿನಲ್ಲಿದ್ದ ಚೀಫ್ ಇಂಜಿನಿಯರ್ ಎರಡು ವರ್ಷದಲ್ಲಿ ಪುಣೆಯ ಹೋಟೆಲಿಗೆ ಹೋಗುತ್ತಾರೆ. ಆಫೀಸ್ ಇಮೇಲ್ ಸಾಯುತ್ತದೆ, ಕಂಪನಿ ಕೊಟ್ಟ ಸಿಮ್ ವಾಪಸಾಗುತ್ತದೆ, ನಿಮ್ಮ ನಂಬರ್ ಆ ಫೋನಿನಲ್ಲೇ ಉಳಿಯುತ್ತದೆ. ಲಿಂಕ್ಡ್‌ಇನ್ ಕನೆಕ್ಷನ್ ಮಾತ್ರ ಮನುಷ್ಯನ ಜೊತೆ ಹೋಗುತ್ತದೆ. ಅವರು ಹೊಸ ಜಾಗಕ್ಕೆ ಸೇರಿದ ಸುದ್ದಿ ನಿಮಗೆ ತಾನಾಗಿ ಬರುತ್ತದೆ. ಮೊದಲ ತಿಂಗಳಲ್ಲಿ ಅವರಿಗೆ ಅಲ್ಲಿನ ಹಳೆಯ ವೆಂಡರುಗಳ ಪರಿಚಯ ಇರುವುದಿಲ್ಲ, ಆಗ ನಿಮ್ಮ ಎರಡು ಸಾಲಿನ ಮೆಸೇಜಿಗೆ ಬೆಲೆ ಇದೆ. ಆರು ತಿಂಗಳ ನಂತರ ಅದೇ ಮೆಸೇಜಿಗೆ ಉತ್ತರವೂ ಬರಲಿಕ್ಕಿಲ್ಲ. ಮುಗಿಸಿದ ಪ್ರತಿ ಕೆಲಸದಲ್ಲೂ ಸೈಟಿನಲ್ಲಿ ಜೊತೆಗಿದ್ದ ಮೂರು ನಾಲ್ಕು ಜನರಿಗೆ ಬಿಲ್ ಕೊಟ್ಟ ವಾರವೇ ಕನೆಕ್ಷನ್ ಕೋರಿಕೆ ಕಳಿಸಿ. ಸ್ಟೋರ್ ಕೀಪರನ್ನೂ ಬಿಡಬೇಡಿ.

ಪ್ರೊಫೈಲಿನಲ್ಲಿ ಮೊದಲು ಸರಿಮಾಡಬೇಕಾದ್ದು ಹೆಸರಿನ ಕೆಳಗಿನ ಹೆಡ್‌ಲೈನ್. 220 ಅಕ್ಷರ ಹಿಡಿಯುತ್ತದೆ, ಫೋನಿನಲ್ಲಿ ಕಾಣುವುದು ಮೊದಲ ಕೆಲವು ಪದ ಮಾತ್ರ. ಮುಖ ನೋಡಿ ಮಣೆ ಹಾಕುವ ಜಾಗ ಇದು. ‘ಕನಸುಗಾರ, ಉದ್ಯಮಿ, ಬದಲಾವಣೆಯ ಹರಿಕಾರ’ ಎಂದು ಬರೆದರೆ ಯಾರೂ ಮಣೆ ಹಾಕುವುದಿಲ್ಲ. ‘ಹೋಟೆಲ್ ಅಡುಗೆಮನೆ ಎಕ್ಸಾಸ್ಟ್ ಮತ್ತು ಡಕ್ಟಿಂಗ್, ಮುಂಬೈ, ಥಾಣೆ, ಗೋವಾ’ ಎಂಬಷ್ಟು ಒಣವಾಗಿದ್ದರೆ ಸಾಕು: ಕೆಲಸ, ಯಾರಿಗೆ, ಎಲ್ಲಿ. ಇದನ್ನು ಇಂಗ್ಲಿಷಿನಲ್ಲೇ ಬರೆಯಿರಿ, ಹುಡುಕುವವರು ಟೈಪ್ ಮಾಡುವುದು ಅದನ್ನೇ. ಭಾಷೆಗಳ ಪಟ್ಟಿಯಲ್ಲಿ ಮಾತ್ರ ಕನ್ನಡ, ತುಳು, ಮರಾಠಿ, ಕೊಂಕಣಿ ಬಿಡದೆ ಹಾಕಿ. ಸಬ್‌ಟೈಟಲ್, ಡಬ್ಬಿಂಗ್, ಅನುವಾದದವರು ಕನ್ನಡವನ್ನು ಹೆಡ್‌ಲೈನಿಗೇ ತರಬೇಕು. ಮುಂಬೈಯ ಸ್ಟುಡಿಯೋಗಳಲ್ಲಿ ಕೆಲಸ ಹಂಚುವವರು ಹುಡುಕುವುದೇ ಭಾಷೆಯ ಹೆಸರಿನಿಂದ, ಅಲ್ಲಿ ಹಿಂದಿ ಬರೆಯುವವರಿಗೆ ಬರವಿಲ್ಲ.

ಹಸಿರು ಚೌಕಟ್ಟಿನ ‘ಓಪನ್ ಟು ವರ್ಕ್’ ಗುರುತು ನೌಕರಿ ಹುಡುಕುವವರಿಗೆ. ಕಾಂಟ್ರಾಕ್ಟರ್ ಹಾಕಿಕೊಂಡರೆ ‘ಇವರಿಗೆ ಈಗ ಕೆಲಸವಿಲ್ಲ’ ಎಂದೇ ಓದಿಕೊಳ್ಳುತ್ತಾರೆ, ರೇಟಿನ ಚೌಕಾಸಿ ಅಲ್ಲಿಂದಲೇ ಶುರು. ಅದರ ಬದಲು ‘ಪ್ರೊವೈಡಿಂಗ್ ಸರ್ವಿಸಸ್’ ಆರಿಸಿ, ನೀವು ಕೊಡುವ ಸೇವೆಗಳನ್ನು ಪಟ್ಟಿ ಮಾಡಿ. ನಾಲ್ಕು ಸಾಕು. ಹತ್ತು ಸೇವೆ ಬರೆದವರನ್ನು ಕಂಪನಿಯವರು ದಲ್ಲಾಳಿ ಎಂದು ಭಾವಿಸುವುದುಂಟು.

‘ಎಂಡಾರ್ಸ್‌ಮೆಂಟ್’ ಒಂದು ಕ್ಲಿಕ್ಕಿನಲ್ಲಿ ಆಗುತ್ತದೆ, ಅದಕ್ಕೆ ಬೆಲೆ ಇಲ್ಲ. ‘ರೆಕಮಂಡೇಶನ್’ ಎಂದರೆ ಒಬ್ಬರು ತಮ್ಮ ಹೆಸರು ಹಾಕಿ ಬರೆದುಕೊಡುವ ಮಾತು, ಮೂರು ಇದ್ದರೆ ಸಾಕು. ಕೇಳುವ ಹೊತ್ತು ಮುಖ್ಯ: ಕೆಲಸ ಮುಗಿದು ಕೊನೆಯ ಪೇಮೆಂಟ್ ಬಂದ ಎರಡು ಮೂರು ದಿನದೊಳಗೆ. ಸುಮ್ಮನೆ ‘ಬರೆದುಕೊಡಿ ಸರ್’ ಎಂದರೆ ಅವರು ಮುಂದೂಡುತ್ತಾರೆ. ಏನು ಬರೆಯಬಹುದು ಎಂದು ನೀವೇ ಸೂಚಿಸಿ: ಎಷ್ಟು ದಿನದಲ್ಲಿ ಮುಗಿಯಿತು, ಶಟ್‌ಡೌನ್ ಎಷ್ಟು ಕಡಿಮೆಯಾಯಿತು, ಕೆಲಸದ ನಂತರ ತೊಂದರೆ ಬಂದಾಗ ಬಂದಿರೋ ಇಲ್ಲವೋ.

ಫೋಟೋ ಹಾಕುವಾಗ ಹುಷಾರು. ವಾಹನ ಮತ್ತು ಬಿಡಿಭಾಗದ ಕಾರ್ಖಾನೆಗಳ ಒಳಗೆ ಕ್ಯಾಮೆರಾಕ್ಕೆ ಸಾಮಾನ್ಯವಾಗಿ ಅನುಮತಿ ಇರುವುದಿಲ್ಲ, ನೀವು ಸಹಿ ಹಾಕಿದ ಗೋಪ್ಯತೆಯ ಕರಾರಿನಲ್ಲಿ ಡ್ರಾಯಿಂಗ್ ತೋರಿಸಬಾರದೆಂದೂ ಇರಬಹುದು. ಚಂದದ ಫಿಕ್ಸ್ಚರಿನ ಒಂದು ಫೋಟೋದಿಂದ ವೆಂಡರ್ ಪಟ್ಟಿಯಿಂದಲೇ ಹೆಸರು ಹೋಗಬಹುದು. ಗಿರಾಕಿಯ ಹೆಸರು, ಪಾರ್ಟ್ ನಂಬರ್ ಬಿಟ್ಟು ಕೆಲಸದ ಬಗೆಯನ್ನಷ್ಟೇ ಬರೆಯಿರಿ.

ಕೋರಿಕೆಗಳ ಲೆಕ್ಕವೂ ಇದೆ. ವಾರಕ್ಕೆ ಸುಮಾರು ನೂರರ ಆಸುಪಾಸಿನಲ್ಲಿ ತಾಣ ತಡೆಯುತ್ತದೆ, ಉಚಿತ ಖಾತೆಯವರಿಗೆ ಚೀಟಿ ಬರೆದು ಕಳಿಸುವ ಕೋರಿಕೆ ತಿಂಗಳಿಗೆ ಬೆರಳೆಣಿಕೆಯಷ್ಟೇ. ಗುಂಪಾಗಿ ಕಳಿಸಿ, ಹೆಚ್ಚಿನವರು ಒಪ್ಪದೆ ಬಿಟ್ಟರೆ ಖಾತೆಗೆ ನಿರ್ಬಂಧ ಬೀಳುತ್ತದೆ. ಇದನ್ನೆಲ್ಲ ತಾನಾಗಿ ಮಾಡಿಕೊಡುವ ಸಾಫ್ಟ್‌ವೇರ್ ಮಾರುವವರು ಬಹಳ ಜನ ಇದ್ದಾರೆ. ತಾಣದ ನಿಯಮಕ್ಕೆ ಅದು ವಿರುದ್ಧ, ಸಿಕ್ಕಿಬಿದ್ದರೆ ವರ್ಷಗಳ ಪರಿಚಯದ ಜಾಲವೇ ಬಂದ್.

ಪ್ರೀಮಿಯಮ್ ತೆಗೆದುಕೊಳ್ಳಬೇಕೇ? ಬಹುತೇಕರಿಗೆ ಬೇಡ. ದುಡ್ಡು ಕೊಟ್ಟರೆ ಸಿಗುವುದು ಮುಖ್ಯವಾಗಿ ಅಪರಿಚಿತರಿಗೆ ಮೆಸೇಜ್ ಕಳಿಸುವ ಇನ್‌ಮೇಲ್ ಮತ್ತು ನಿಮ್ಮ ಪ್ರೊಫೈಲ್ ನೋಡಿದವರ ಉದ್ದ ಪಟ್ಟಿ. ಪರಿಚಯದ ದಾರಿಯಿಂದಲೇ ಕೆಲಸ ಬರುವವರಿಗೆ ಇವೆರಡೂ ಅಷ್ಟಕ್ಕಷ್ಟೆ. ಸಾಮಾನ್ಯವಾಗಿ ಒಂದು ತಿಂಗಳ ಉಚಿತ ಪ್ರಯೋಗ ಕೊಡುತ್ತಾರೆ. ದೊಡ್ಡ ಪ್ರದರ್ಶನಕ್ಕೋ ಹೊಸ ಊರಿಗೋ ಹೋಗುವ ತಿಂಗಳಿಗೆ ಅದನ್ನು ಉಳಿಸಿಕೊಳ್ಳಿ, ಶುರುಮಾಡಿದ ದಿನವೇ ರದ್ದು ಮಾಡುವ ತಾರೀಖನ್ನು ಫೋನಿನಲ್ಲಿ ಗುರುತು ಹಾಕಿ.

ಐಟಿ ಕಾಂಟ್ರಾಕ್ಟಿನವರಿಗೆ ಬೇರೆಯೇ ಲೆಕ್ಕ

ಪುಣೆಯ ಐಟಿ ಕಾಂಟ್ರಾಕ್ಟುಗಳು ಹೆಚ್ಚಾಗಿ ಬರುವುದು ಬೇರೆ ಕಂಪನಿಗಳಿಗೆ ಜನ ಒದಗಿಸುವ ಸ್ಟಾಫಿಂಗ್ ಕಂಪನಿಗಳಿಂದ. ಅವರ ರಿಕ್ರೂಟರುಗಳು ಲಿಂಕ್ಡ್‌ಇನ್ ಮತ್ತು ನೌಕ್ರಿ ಎಂಬ ಉದ್ಯೋಗ ತಾಣ ಎರಡರಲ್ಲೂ ಇರುತ್ತಾರೆ, ಎರಡನ್ನೂ ಇಟ್ಟುಕೊಳ್ಳಬೇಕು. ಇಲ್ಲಿ ತೊಂದರೆ ಕೆಲಸ ಸಿಗುವುದರಲ್ಲಿಲ್ಲ, ನಡುವೆ ಎಷ್ಟು ಜನ ಕೂತಿದ್ದಾರೆ ಎಂಬುದರಲ್ಲಿ. ಗಿರಾಕಿ ಕಂಪನಿ, ಅದರ ಮುಖ್ಯ ವೆಂಡರ್, ವೆಂಡರಿನ ಉಪವೆಂಡರ್, ಕೊನೆಗೆ ನೀವು. ಪ್ರತಿ ಮೆಟ್ಟಿಲಿನಲ್ಲೂ ಪಾಲು ಕಳೆಯುತ್ತದೆ, ಪ್ರತಿ ಮೆಟ್ಟಿಲಿನಲ್ಲೂ ಪೇಮೆಂಟ್ ನಿಲ್ಲುತ್ತದೆ. ಮೊದಲ ಕರೆಯಲ್ಲೇ ಮೂರು ಪ್ರಶ್ನೆ ಕೇಳಿ: ನಿಮಗೂ ಗಿರಾಕಿಗೂ ನಡುವೆ ಎಷ್ಟು ಕಂಪನಿ, ನನ್ನ ಬಿಲ್ ಎಷ್ಟು ದಿನಕ್ಕೆ ಪಾಸಾಗುತ್ತದೆ, ಗಿರಾಕಿ ತಡಮಾಡಿದರೆ ನನ್ನ ದುಡ್ಡೂ ತಡವೋ? ಮೂರನೆಯದಕ್ಕೆ ‘ಹೌದು’ ಎಂದರೆ ನೀವು ಅವರಿಗೆ ಬಡ್ಡಿಯಿಲ್ಲದ ಸಾಲ ಕೊಡುತ್ತಿದ್ದೀರಿ ಎಂದು ತಿಳಿದೇ ರೇಟ್ ಹೇಳಿ.

ಒಂದೇ ಜಾಗಕ್ಕೆ ಇಬ್ಬರು ರಿಕ್ರೂಟರುಗಳಿಗೆ ‘ನನ್ನ ಹೆಸರು ಕಳಿಸಿ’ ಎನ್ನಬೇಡಿ. ಒಂದೇ ರೆಸ್ಯೂಮೆ ಎರಡು ವೆಂಡರುಗಳಿಂದ ಬಂದರೆ ಜಗಳ ಯಾಕೆಂದು ಗಿರಾಕಿ ಕಂಪನಿ ಎರಡನ್ನೂ ಪಕ್ಕಕ್ಕಿಡುವುದು ಮಾಮೂಲಿ. ಗಿರಾಕಿಯ ಹೆಸರು ಹೇಳದೆ ಒಪ್ಪಿಗೆ ಮೇಲ್ ಕೇಳಿದರೆ ಕೊಡಬಾರದು. ಯಾವ ಜಾಗಕ್ಕೆ, ಯಾವ ತಾರೀಖಿಗೆ, ಯಾರಿಗೆ ಒಪ್ಪಿದಿರಿ ಎಂಬುದನ್ನು ಒಂದು ಶೀಟಿನಲ್ಲಿ ಬರೆದಿಡಿ, ಎರಡೇ ವಾರದಲ್ಲಿ ಮರೆಯುತ್ತದೆ.

ಯಾರಾದರೂ ‘ನೋಂದಣಿ ಶುಲ್ಕ’, ‘ಲ್ಯಾಪ್‌ಟಾಪ್ ಡಿಪಾಸಿಟ್’ ಕೇಳಿದರೆ, ಮಾತನ್ನು ಟೆಲಿಗ್ರಾಮ್‌ಗೆ ಎಳೆದರೆ ಅಲ್ಲಿಗೇ ನಿಲ್ಲಿಸಿ. ದುಡ್ಡು ಹೋಗಿಯೇಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಹಣ ಮುಂದಿನ ಖಾತೆಗಳಿಗೆ ಹಾರುವ ಮುನ್ನ ತಡೆಹಿಡಿಯಲು ಸಾಧ್ಯವಾಗುವುದು ಮೊದಲ ಕೆಲವು ಗಂಟೆಗಳಲ್ಲಿ.

ಅಪ್‌ವರ್ಕ್, ಫೈವರ್: ಪರಿಚಯ ಬೇಡ, ಪಾಲು ಕೊಡಬೇಕು

ಇವು ಪರಿಚಯದ ಜಾಲಗಳಲ್ಲ, ಸಂತೆಗಳು. ಗಿರಾಕಿ ಕೆಲಸ ಹಿಡಿದುಕೊಂಡೇ ಬಂದಿರುತ್ತಾರೆ, ಅದೇ ಇವುಗಳ ಬಲ. ಸುಂಕ ಮಾತ್ರ ಗಟ್ಟಿ. ಫೈವರ್ ಸೇವೆ ಮಾರುವವರಿಂದ ಶೇ 20 ಹಿಡಿಯುತ್ತದೆ: ಸಾವಿರ ಡಾಲರಿನ ಕೆಲಸಕ್ಕೆ ಕೈಗೆ ಎಂಟುನೂರು, ಅದರ ಮೇಲೆ ಬ್ಯಾಂಕಿಗೆ ತರಿಸುವ ಖರ್ಚು. ಅಪ್‌ವರ್ಕ್ 2023ರಿಂದ ಎಲ್ಲರಿಗೂ ಶೇ 10 ಇಟ್ಟಿತ್ತು, 2025ರ ಮೇ ತಿಂಗಳಿಂದ ಹೊಸ ಕರಾರುಗಳಿಗೆ ಸೊನ್ನೆಯಿಂದ ಶೇ 15ರವರೆಗೆ ಬದಲಾಗುವ ಪದ್ಧತಿ ತಂದಿದೆ. ರೇಟ್ ಹೇಳುವ ಮುನ್ನ ಆ ಕೆಲಸಕ್ಕೆ ಎಷ್ಟು ಎಂದು ನೋಡಿಕೊಳ್ಳಿ.

ಮರೆತುಹೋಗುವ ಖರ್ಚು ಅರ್ಜಿಯದು. ಅಪ್‌ವರ್ಕ್‌ನಲ್ಲಿ ಅರ್ಜಿ ಹಾಕಲು ‘ಕನೆಕ್ಟ್ಸ್’ ಎಂಬ ಟೋಕನ್ ಖರ್ಚಾಗುತ್ತದೆ, ಒಂದಕ್ಕೆ 15 ಸೆಂಟ್. ಒಂದು ಅರ್ಜಿಗೆ 12 ಹೋದವು ಎಂದಿಟ್ಟುಕೊಳ್ಳಿ, 1.80 ಡಾಲರ್. ಮೂವತ್ತು ಅರ್ಜಿಗೆ 54 ಡಾಲರ್. ಮೂವತ್ತರಲ್ಲಿ ಒಂದು ಕೆಲಸ ಹತ್ತಿ ಅದು ಇನ್ನೂರು ಡಾಲರಿನದಾದರೆ ಕಾಲು ಭಾಗ ಅರ್ಜಿಗೇ ಹೋಯಿತು. ಆದ್ದರಿಂದ ಅರ್ಜಿಗೆ ಮುಂಚೆ ಗಿರಾಕಿಯ ಚರಿತ್ರೆ ನೋಡಿ: ಪೇಮೆಂಟ್ ವೆರಿಫೈ ಆಗಿದೆಯೇ, ಹಾಕಿದ ಕೆಲಸಗಳಲ್ಲಿ ಎಷ್ಟಕ್ಕೆ ನಿಜವಾಗಿ ಜನ ತೆಗೆದುಕೊಂಡಿದ್ದಾರೆ, ಈಗಾಗಲೇ ಎಷ್ಟು ಅರ್ಜಿ ಬಿದ್ದಿವೆ. ಐವತ್ತು ದಾಟಿದ್ದರೆ ನಿಮ್ಮದನ್ನು ತೆರೆದು ನೋಡುವ ಸಂಭವ ಕಡಿಮೆ.

ಗಂಟೆ ಲೆಕ್ಕದ ಕೆಲಸಕ್ಕೆ ಅಪ್‌ವರ್ಕ್‌ನ ಆ್ಯಪ್ ಆನ್ ಮಾಡಿಯೇ ಕೂರಬೇಕು. ಅದು ಸ್ಕ್ರೀನ್ ಚಿತ್ರ ತೆಗೆಯುತ್ತಿರುತ್ತದೆ, ಹಾಗೆ ದಾಖಲಾದ ಸಮಯಕ್ಕಷ್ಟೇ ಪೇಮೆಂಟಿನ ರಕ್ಷಣೆ. ಕೈಯಲ್ಲಿ ಬರೆದು ಸೇರಿಸಿದ ಗಂಟೆಗೆ ಗಿರಾಕಿ ತಕರಾರು ತೆಗೆದರೆ ದುಡ್ಡು ಹೋದಂತೆ. ಒಟ್ಟು ಮೊತ್ತದ ಕೆಲಸವಾದರೆ ಆ ಹಂತದ ಹಣ ಎಸ್ಕ್ರೋನಲ್ಲಿ, ಅಂದರೆ ತಾಣ ಹಿಡಿದಿಟ್ಟುಕೊಳ್ಳುವ ಖಾತೆಯಲ್ಲಿ, ಬಿದ್ದದ್ದು ಕಂಡ ಮೇಲೆ ಕೈ ಹಾಕಿ. ಅಲ್ಲಿ ಸಿಕ್ಕ ಗಿರಾಕಿಯನ್ನು ಹೊರಗೆ ಕರೆದೊಯ್ದು ನೇರ ಬಿಲ್ ಮಾಡುವ ಆಸೆ ಎಲ್ಲರಿಗೂ ಬರುತ್ತದೆ. ಕರಾರಿನಲ್ಲಿ ಎರಡು ವರ್ಷದ ನಿರ್ಬಂಧವಿದೆ, ಮುರಿದರೆ ಖಾತೆ ಮುಚ್ಚುತ್ತಾರೆ.

ವಿದೇಶದ ಹಣ ಬಂದಾಗಲೆಲ್ಲ ಬ್ಯಾಂಕಿನಿಂದ ಹಣ ಬಂದ ದಾಖಲೆ ತೆಗೆದಿಟ್ಟುಕೊಳ್ಳಿ. ವರ್ಷದ ವಹಿವಾಟು 20 ಲಕ್ಷ ದಾಟಿ ಜಿಎಸ್‌ಟಿ ಮಾಡಿಸಿದ ಮೇಲೆ, ಸೇವೆಯ ರಫ್ತಿಗೆ ತೆರಿಗೆ ಕಟ್ಟದೆ ಬಿಲ್ ಮಾಡಲು ಪ್ರತಿ ಆರ್ಥಿಕ ವರ್ಷ ಎಲ್‌ಯುಟಿ ಎಂಬ ಮುಚ್ಚಳಿಕೆ ಸಲ್ಲಿಸಬೇಕು. ಏಪ್ರಿಲ್‌ನಲ್ಲಿ ಮರೆಯುವವರೇ ಹೆಚ್ಚು.

ಮನೆ, ಸೊಸೈಟಿ, ವಿಲ್ಲಾ ಕೆಲಸದವರಿಗೆ

ಲಿಂಕ್ಡ್‌ಇನ್ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಚೆಂಬೂರಿನ ಸೊಸೈಟಿಯ ಸೆಕ್ರೆಟರಿ ಪ್ಲಂಬರನ್ನು ಅಲ್ಲಿ ಹುಡುಕುವುದಿಲ್ಲ. ಗೂಗಲ್‌ನ ಬಿಸಿನೆಸ್ ಪ್ರೊಫೈಲ್ ಉಚಿತ, ಅಂಗಡಿ ಇಲ್ಲದವರು ವಿಳಾಸ ಮುಚ್ಚಿಟ್ಟು ಕೆಲಸ ಮಾಡುವ ಪ್ರದೇಶವನ್ನಷ್ಟೇ ತೋರಿಸಬಹುದು. ಪರಿಶೀಲನೆಗೆ ಸಾಮಾನ್ಯವಾಗಿ ವಿಡಿಯೋ ಕೇಳುತ್ತಾರೆ: ರಸ್ತೆಯ ಬೋರ್ಡಿನಿಂದ ಶುರುಮಾಡಿ, ಸಾಮಾನು, ಉಪಕರಣ, ಹೆಸರಿರುವ ಬಿಲ್ ಪುಸ್ತಕ, ಎಲ್ಲವೂ ಒಂದೇ ಓಟದಲ್ಲಿ ಬರಬೇಕು, ಕತ್ತರಿಸಿ ಜೋಡಿಸಬಾರದು. ಹೆಸರಿನ ಜಾಗದಲ್ಲಿ ‘ಬೆಸ್ಟ್ ವಾಟರ್‌ಪ್ರೂಫಿಂಗ್ ಗೋವಾ’ ಎಂದು ತುರುಕಿದರೆ ಪ್ರೊಫೈಲ್ ಅಮಾನತಾಗುವ ಭಯವಿದೆ. ರಿವ್ಯೂಗೆ ರಿಯಾಯಿತಿ ಕೊಡುವುದೂ ನಿಷಿದ್ಧ.

ಗೋವಾದಲ್ಲಿ ಇದರ ಬೆಲೆ ಇನ್ನೂ ಹೆಚ್ಚು. ಆಸ್ಸಗಾಂವ್, ಶಿವೋಲಿ ಕಡೆಯ ಎಷ್ಟೋ ಮನೆಗಳ ಮಾಲೀಕರು ದಿಲ್ಲಿ, ಮುಂಬೈ, ಬೆಂಗಳೂರಿನಲ್ಲಿದ್ದಾರೆ. ಅವರಿಗೆ ಊರಿನಲ್ಲಿ ಕೇಳಲು ಯಾರೂ ಇಲ್ಲ, ಮ್ಯಾಪ್ ತೆರೆದು ರಿವ್ಯೂ ಓದುತ್ತಾರೆ. ಕೆಲಸಕ್ಕೆ ಮುಂಚಿನ, ನಂತರದ ಫೋಟೋ ಮತ್ತು ಒಂದು ಮಳೆಗಾಲ ಕಳೆದ ಮೇಲಿನ ಫೋಟೋ ಹಾಕಿ. ಮೂರನೆಯದು ಇದ್ದವರು ಕಡಿಮೆ. ಮಳೆ ಹಿಡಿಯುವ ಮುಂಚೆ, ಏಪ್ರಿಲ್ ಹೊತ್ತಿಗೇ ಇದೆಲ್ಲ ಸಿದ್ಧವಿರಬೇಕು.

ಜಸ್ಟ್‌ಡಯಲ್, ಇಂಡಿಯಾಮಾರ್ಟ್‌ಗಳಲ್ಲಿ ಒಂದೇ ವಿಚಾರಣೆ ಹಲವರಿಗೆ ಹೋಗುತ್ತದೆ. ಮೊದಲು ಫೋನ್ ಮಾಡಿದವರಿಗೆ ಅವಕಾಶ, ಆಮೇಲೆ ಬರೀ ರೇಟಿನ ಪೈಪೋಟಿ. ಫ್ಯಾಬ್ರಿಕೇಶನ್, ಸ್ಟೀಲ್ ಟೇಬಲ್, ಹೋಟೆಲ್ ಸಾಮಾನು ಮಾಡುವವರಿಗೆ ಇಂಡಿಯಾಮಾರ್ಟ್ ಪರವಾಗಿಲ್ಲ. ಸೈಟಿನಲ್ಲೇ ಇರುವ ಒಂಟಿ ಕಾಂಟ್ರಾಕ್ಟರ್ ಫೋನ್ ಎತ್ತಲಾಗದಿದ್ದರೆ ಕೊಟ್ಟ ದುಡ್ಡು ಪೋಲು. ವರ್ಷದ ಪ್ಯಾಕೇಜ್ ಮೊದಲ ಬಾರಿಗೇ ತೆಗೆದುಕೊಳ್ಳಬೇಡಿ.

ನಮ್ಮವರ ನಡುವೆ

ಮಾಟುಂಗದ ಮೈಸೂರು ಅಸೋಸಿಯೇಶನ್, ಕರ್ನಾಟಕ ಸಂಘ, ಕುರ್ಲಾದ ಬಂಟರ ಸಂಘ, ಪುಣೆಯ ಕನ್ನಡ ಸಂಘ, ಮುಂಬೈ ಹೋಟೆಲಿನವರ ಸಂಘಟನೆ ‘ಆಹಾರ್’: ಇವುಗಳ ಸಭೆ, ಯಕ್ಷಗಾನ, ಮದುವೆಯ ಊಟದ ಪಂಕ್ತಿಯಲ್ಲಿ ಕೈ ಬದಲಾಗುವ ಕೆಲಸ ಯಾವ ತಾಣದಲ್ಲೂ ಕಾಣಿಸುವುದಿಲ್ಲ. ಉಡುಪಿ ಹೋಟೆಲಿನ ಮಾಲೀಕರೊಬ್ಬರು ಹೊಸ ಶಾಖೆ ತೆರೆಯುವಾಗ ಇನ್ನೊಬ್ಬ ಮಾಲೀಕರನ್ನೇ ಕೇಳುತ್ತಾರೆ, ‘ನಿಮ್ಮ ಎಕ್ಸಾಸ್ಟ್ ಮಾಡಿದ್ದು ಯಾರು ಮಾರಾಯ್ರೆ?’ ಇದಕ್ಕೆ ಖರ್ಚಿಲ್ಲ ಅನ್ನುವುದು ಸುಳ್ಳು. ಖರ್ಚು ಬೇರೆ ರೂಪದಲ್ಲಿದೆ: ಬರಹದಲ್ಲಿ ಕೊಟೇಶನ್ ಇರುವುದಿಲ್ಲ, ಮಧ್ಯದಲ್ಲಿ ‘ಅದೊಂದು ಸಣ್ಣ ಕೆಲಸ ಮಾಡಿಬಿಡಿ’ ಸೇರುತ್ತದೆ, ಕೊನೆಯ ಕಂತು ಹಬ್ಬದಿಂದ ಹಬ್ಬಕ್ಕೆ ಹೋಗುತ್ತದೆ. ಕೊಟ್ಟವ ಕೋಡಂಗಿ, ಇಸ್ಕೊಂಡವ ಈರಭದ್ರ ಆಗಬಾರದೆಂದರೆ ವಾಟ್ಸ್‌ಆ್ಯಪ್‌ನಲ್ಲಾದರೂ ಅಳತೆ, ರೇಟು, ಕಂತು ಬರೆದು ಕಳಿಸಿ, ‘ಸರಿ’ ಎಂಬ ಉತ್ತರ ಬಂದ ಮೇಲೆ ಸಾಮಾನು ತನ್ನಿ. ಅಡ್ವಾನ್ಸ್ ಕನಿಷ್ಠ ಸಾಮಾನಿನ ಬೆಲೆಯಷ್ಟು ಇರಬೇಕು. ಈ ದಾರಿಗೆ ಇನ್ನೊಂದು ಮಿತಿ, ಅದು ಒಂದೇ ಕಸುಬಿನ ವೃತ್ತದಲ್ಲಿ ಸುತ್ತುತ್ತದೆ. ಹೋಟೆಲಿನಿಂದ ಫಾರ್ಮಾ ಕಾರ್ಖಾನೆಗೆ ದಾಟಬೇಕೆಂದರೆ, ಗೋವಾದ ವೆರ್ಣಾ ಕೈಗಾರಿಕಾ ಪ್ರದೇಶದ ಗೇಟಿನಲ್ಲಿ ನಿಮ್ಮನ್ನು ಒಳಗೆ ಬಿಡುವುದು ಮತ್ತೆ ಆ ಲಿಂಕ್ಡ್‌ಇನ್ ಸಾಲೇ.

ಕಂಪನಿ ಗಿರಾಕಿ ಸಿಕ್ಕ ಮೇಲೆ

ಕಂಪನಿಗಳು ಟಿಡಿಎಸ್, ಅಂದರೆ ಬಿಲ್ ಕೊಡುವಾಗಲೇ ಕಳೆಯುವ ಆದಾಯ ತೆರಿಗೆ, ಹಿಡಿಯುತ್ತವೆ. ವೃತ್ತಿಪರ ಸೇವೆ ಎಂದು ಬರೆದರೆ ಶೇ 10, ತಾಂತ್ರಿಕ ಸೇವೆಗೆ ಶೇ 2, ವ್ಯಕ್ತಿಯ ಹೆಸರಿನ ಕಾಂಟ್ರಾಕ್ಟ್ ಕೆಲಸಕ್ಕೆ ಶೇ 1. ಒಂದು ಲಕ್ಷದ ಬಿಲ್ಲಿನಲ್ಲಿ ಹತ್ತು ಸಾವಿರಕ್ಕೂ ಒಂದು ಸಾವಿರಕ್ಕೂ ಇರುವ ಅಂತರ, ಆದಾಯ ತೆರಿಗೆ ರಿಟರ್ನ್ ಆಗುವವರೆಗೆ ಸಿಗದ ದುಡ್ಡು. ಪಿಒ (ಪರ್ಚೇಸ್ ಆರ್ಡರ್) ಬರುವ ಮುನ್ನ ಯಾವ ಬಗೆ ಎಂದು ಅಕೌಂಟ್ಸ್‌ನವರನ್ನು ಕೇಳಿ.

ಸಣ್ಣ ಉದ್ಯಮಗಳಿಗೆ ಸರ್ಕಾರದ ‘ಉದ್ಯಮ್’ ನೋಂದಣಿ ಉಚಿತ, ಆಧಾರ್ ಮತ್ತು ಪ್ಯಾನ್ ಸಾಕು. ನೋಂದಾಯಿತ ಸೂಕ್ಷ್ಮ ಅಥವಾ ಸಣ್ಣ ಉದ್ಯಮದ ಬಿಲ್ಲನ್ನು ಲಿಖಿತ ಕರಾರಿದ್ದರೂ 45 ದಿನದೊಳಗೆ ತೀರಿಸಬೇಕು, ಕರಾರಿಲ್ಲದಿದ್ದರೆ 15 ದಿನದೊಳಗೆ. ತಡವಾದರೆ ದೂರಿಗೆ ಸರ್ಕಾರದ ಆನ್‌ಲೈನ್ ಪೋರ್ಟಲ್ ಇದೆ. ನಿರ್ಮಾಣದ ವರ್ಕ್ಸ್ ಕಾಂಟ್ರಾಕ್ಟಿಗೆ ಇದು ಅನ್ವಯಿಸುತ್ತದೋ ಇಲ್ಲವೋ ಎಂಬುದು ಕೋರ್ಟುಗಳಲ್ಲಿ ವಿವಾದದ ವಿಷಯ, ಸಿವಿಲ್ ಕೆಲಸದವರು ಇದನ್ನೇ ನಂಬಿ ಕೂರಬಾರದು. ಬಿಲ್ಲಿನ ಮೇಲೆ ಉದ್ಯಮ್ ನಂಬರ್ ಅಚ್ಚಾಗಿರಲಿ.

ತೊಂಬತ್ತು ದಿನದ ಲೆಕ್ಕ

ಯಾವ ತಾಣವಾದರೂ ಮೂರು ತಿಂಗಳು ಅಳೆದು ನೋಡಿ. ವಾರಕ್ಕೆ ಮೂರು ಗಂಟೆಯಂತೆ 13 ವಾರಕ್ಕೆ 39 ಗಂಟೆ. ನಿಮ್ಮ ಗಂಟೆಗೆ 500 ರೂಪಾಯಿ ಎಂದಾದರೆ 19,500 ರೂಪಾಯಿ ಹಾಕಿದಂತೆ. ಪ್ರತಿ ವಿಚಾರಣೆಗೂ ಒಂದು ಸಾಲು ಬರೆಯಿರಿ: ತಾರೀಖು, ಹೆಸರು ಮೊದಲು ಎಲ್ಲಿ ಕೇಳಿದರು, ಎಲ್ಲಿ ನೋಡಿ ಖಾತ್ರಿ ಮಾಡಿಕೊಂಡರು, ಹೇಳಿದ ರೇಟು, ಬಂದ ದುಡ್ಡು, ಬರಲು ಹಿಡಿದ ದಿನ. ‘ಎಲ್ಲಿ ಕೇಳಿದರು’ ಮತ್ತು ‘ಎಲ್ಲಿ ನೋಡಿದರು’ ಎರಡನ್ನೂ ಬೇರೆ ಬೇರೆ ಬರೆಯಬೇಕು. ಮೊದಲ ಕಾಲಮಿನಲ್ಲಿ ಲಿಂಕ್ಡ್‌ಇನ್ ಒಂದು ಸಲವೂ ಬಾರದೆ, ಎರಡನೆಯದರಲ್ಲಿ ಐದು ಸಲ ಬಂದರೆ ಪ್ರೊಫೈಲ್ ಇಟ್ಟುಕೊಂಡು ಪೋಸ್ಟ್ ಹಾಕುವುದನ್ನು ನಿಲ್ಲಿಸಿ. ಎರಡರಲ್ಲೂ ಇಲ್ಲವಾದರೆ ನೋಟಿಫಿಕೇಶನ್ ಬಂದ್ ಮಾಡಿ, ಹೆಡ್‌ಲೈನ್ ಮತ್ತು ಫೋನ್ ನಂಬರ್ ಸರಿಯಿದೆಯೇ ನೋಡಿ, ಖಾತೆ ಅಳಿಸದೆ ಬಿಡಿ. ಅಳಿಸಿದರೆ ಸಿಕ್ಕಿದ್ದ ರೆಕಮಂಡೇಶನ್‌ಗಳೂ ಹೋಗುತ್ತವೆ, ಅವನ್ನು ಬರೆದುಕೊಟ್ಟವರು ಅಷ್ಟರಲ್ಲಿ ಎರಡು ಕಂಪನಿ ಬದಲಿಸಿರುತ್ತಾರೆ.